ಪದ್ಮಿನಿಗೆ ಯಾವ ಫ್ಯುಯೆಲ್ ಪ್ರೆಶರ್ ರೆಗ್ಯುಲೇಟರ್ ಹಾಕುವುದು?

ಬದಿಯಡ್ಕ ಪದ್ಮಿನಿ:

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ 1986ರ ಪ್ರೀಮಿಯರ್ ಪದ್ಮಿನಿ ಉಂಟು. ಅಪ್ಪ ತೆಗೆದುಕೊಂಡದ್ದು. ಇವತ್ತಿಗೂ ಮದುವೆ, ಪೂಜೆ ಅಂತ ಹೊರಟರೆ ಅದರಲ್ಲೇ ಹೋಗುವುದು. 1089 ಸಿಸಿಯ ಅದೇ ಹಳೇ ಎಂಜಿನ್, ಸೋಲೆಕ್ಸ್ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನಿಗೆ ಕೊಡುವ ಸಾಮಾನು). ಕಳೆದ ಮಳೆಗಾಲದಲ್ಲಿ ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಒಳಗಿನ ಮೆತ್ತಗಿನ ಪೊರೆ) ಹರಿದು ಪೆಟ್ರೋಲೆಲ್ಲ ಎಂಜಿನಿನ ಅಡಿಯ ಆಯಿಲ್ ಸಂಪಿಗೆ ಇಳಿಯಿತು. ಒಳ್ಳೆ ಕಿಟ್ ಸಿಗಲಿಲ್ಲ ಅಂತ ಗ್ಯಾರೇಜಿನವರು ಒಂದು ಎಲೆಕ್ಟ್ರಿಕ್ ಪಂಪ್ ಹಾಕಿ ಕೊಟ್ಟರು. ಹಿಂದೆ ಟ್ಯಾಂಕಿನ ಹತ್ತಿರ ಕೂರಿಸಿದ್ದಾರೆ. ಕೀ ತಿರುಗಿಸಿದರೆ ಟಕ ಟಕ ಅಂತ ಸದ್ದು ಬರುತ್ತದೆ. ಅದರ ಮೇಲೆ ಎಷ್ಟು ಪ್ರೆಶರ್ ಅಂತ ಏನೂ ಬರೆದಿಲ್ಲ.

ಈಗ ತೊಂದರೆ ಇಷ್ಟು. ಬದಿಯಡ್ಕದಿಂದ ಕಾಸರಗೋಡಿಗೆ ಹೋಗುವಾಗ ಸರಿಯಾಗಿಯೇ ಓಡುತ್ತದೆ. ಪೇಟೆಯಲ್ಲಿ ನಿಲ್ಲಿಸಿ, ಒಂದೆರಡು ಅಂಗಡಿ ಸುತ್ತಿ ಬಂದು ಸೆಲ್ಫ್ ಹೊಡೆದರೆ ಸ್ಟಾರ್ಟೇ ಆಗುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದರೆ ಕಪ್ಪು ಹೊಗೆ ಬಿಟ್ಟುಕೊಂಡು ಏಳುತ್ತದೆ. ಗಾಡಿ ಒಳಗೆಲ್ಲ ಪೆಟ್ರೋಲ್ ವಾಸನೆ. ಬಾನೆಟ್ ಎತ್ತಿ ನೋಡಿದರೆ ಕಾರ್ಬೊರೇಟರಿನ ಮುಚ್ಚಳದ ಸುತ್ತ ಒದ್ದೆ. ಐಡ್ಲಿಂಗ್ ಕೂಡ ಕುಂಟುತ್ತದೆ.

ಪಂಪಿನ ಪ್ರೆಶರ್ ಜಾಸ್ತಿ ಆಗಿದೆ, ಅದನ್ನು ತಗ್ಗಿಸುವ ರೆಗ್ಯುಲೇಟರ್ ಹಾಕಿ ಅಂತ ಕೆಲವರು ಹೇಳುತ್ತಿದ್ದಾರೆ. ಆನ್‌ಲೈನಲ್ಲಿ ನೋಡಿದೆ. 1ರಿಂದ 5ರವರೆಗೆ ನಂಬರ್ ಇರುವ ಹೊಳೆಯುವ ಡಯಲ್ ಮಾದರಿ ಒಂದು. ಗೇಜ್ ಸಮೇತ ಬರುವ ಕೆಂಪು ಬಣ್ಣದ್ದು ಒಂದು, ಅದರ ಗೇಜಿನಲ್ಲಿ 140ರವರೆಗೆ ಉಂಟು. ಕೆಳಗೆ ಫಿಲ್ಟರ್ ಬಟ್ಟಲು ಇರುವ ಇಟಲಿಯ ಮಾದರಿ ಇನ್ನೊಂದು. ಯಾವುದು ತೆಗೆದುಕೊಳ್ಳಲಿ? ತಿಳಿದವರು ಹೇಳಿ.

ಮುಳ್ಳೇರಿಯ ಜೀಪ್:

ರೆಗ್ಯುಲೇಟರೇ ಬೇಡ ಮಾರಾಯ್ರೆ. ಪಂಪ್ ಬದಲಿಸಿ. ನನ್ನ ಜೀಪಿನ ಹರಿಕೇನ್ ಎಂಜಿನಿಗೆ ಕಡಿಮೆ ಪ್ರೆಶರಿನ ಎಲೆಕ್ಟ್ರಿಕ್ ಪಂಪ್ ಹಾಕಿದ್ದೇನೆ, ರೆಗ್ಯುಲೇಟರ್ ಇಲ್ಲ, ಅಡೂರಿನ ಏರು ರಸ್ತೆಯಲ್ಲಿ ಲೋಡ್ ಹಾಕಿಕೊಂಡು ಹೋದರೂ ಒಂದು ದಿನ ತೊಂದರೆ ಕೊಟ್ಟಿಲ್ಲ. ಪಂಪಿನಲ್ಲೇ ಪ್ರೆಶರ್ 4 ಪಿಎಸ್‌ಐಗಿಂತ (ಪಿಎಸ್‌ಐ ಅಂದರೆ ಒತ್ತಡದ ಅಳತೆ) ಕೆಳಗೆ ಇದ್ದರೆ ಮುಗಿಯಿತು. ಜಾಸ್ತಿ ಪ್ರೆಶರಿನ ಪಂಪ್ ಹಾಕಿ, ಆಮೇಲೆ ಅದನ್ನು ತಗ್ಗಿಸಲಿಕ್ಕೆ ಇನ್ನೊಂದು ಸಾಮಾನು ಹಾಕುವುದು ಯಾಕೆ? ಜಾಯಿಂಟ್ ಹೆಚ್ಚಾದಷ್ಟೂ ಲೀಕ್ ಆಗುವ ಜಾಗ ಹೆಚ್ಚು.

ಉಪ್ಪಳದ ಫಿಟ್ಟರ್:

ಜೀಪಿನವರು ಹೇಳಿದ್ದರಲ್ಲಿ ಅರ್ಧ ಪೂರ್ತಿ ಸರಿ. ಇನ್ನರ್ಧಕ್ಕೆ ಆಮೇಲೆ ಬರುತ್ತೇನೆ. ನಾನು ಶಾರ್ಜಾದಲ್ಲಿ ತುಂಬ ವರ್ಷ ಹಳೇ ಗಾಡಿಗಳ ಕೆಲಸ ಮಾಡಿದವ. ಅಲ್ಲಿಯ ಸೆಖೆಯಲ್ಲಿ ಕಾರ್ಬೊರೇಟರ್ ಗಾಡಿಗಳ ಕಾಟ ಎಷ್ಟು ಅಂತ ಕೈಯಾರೆ ನೋಡಿದ್ದೇನೆ. ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಬದಿಯಡ್ಕದವರೇ, ಈಗಲೇ ಏನನ್ನೂ ತೆಗೆದುಕೊಳ್ಳಬೇಡಿ. ಮೊದಲು ಅಳೆಯಿರಿ. ನಿಮ್ಮ ಪಂಪ್ ಎಷ್ಟು ಒತ್ತುತ್ತದೆ ಅಂತ ಗೊತ್ತಿಲ್ಲದೆ ರೆಗ್ಯುಲೇಟರ್ ಆರಿಸಲಿಕ್ಕೆ ಆಗುವುದಿಲ್ಲ.

ನಿಮ್ಮ ಸೋಲೆಕ್ಸಿಗೆ ಬೇಕಾದದ್ದು ಸುಮಾರು 2.5ರಿಂದ 3 ಪಿಎಸ್‌ಐ, ಬಾರ್ ಲೆಕ್ಕದಲ್ಲಿ 0.2ರ ಆಸುಪಾಸು. ವೆಬರ್ ಕಾರ್ಬೊರೇಟರಿಗೂ ಹಾಗೆಯೇ, 3.5ರ ಮೇಲೆ ಹೋಗಬಾರದು. ಹಳೇ ಅಂಬಾಸಡರಿನಲ್ಲಿ ಬರುತ್ತಿದ್ದ ಎಸ್‌ಯು ಇನ್ನೂ ಕಡಿಮೆ ಕೇಳುತ್ತದೆ, 1.5ರಿಂದ 3. ಅಮೆರಿಕದ ಹಾಲಿ ಕಾರ್ಬೊರೇಟರಿಗೆ ಮಾತ್ರ 5ರಿಂದ 7 ಕೊಡುತ್ತಾರೆ. ಆನ್‌ಲೈನಲ್ಲಿ ಸಿಗುವ ಸಾಮಾನು ಜಾಸ್ತಿ ಅದನ್ನೇ ನೋಡಿ ಮಾಡಿದ್ದು. ವಿಡಿಯೊದಲ್ಲಿ ಯಾರೋ 6ಕ್ಕೆ ಸೆಟ್ ಮಾಡಿದರು ಅಂತ ನಮ್ಮ ಪದ್ಮಿನಿಗೂ 6 ಇಟ್ಟರೆ ಓವರ್‌ಫ್ಲೋ ಆಗಿಯೇ ಆಗುತ್ತದೆ.

ಅಳೆಯುವುದು ಹೇಗೆ? 0ರಿಂದ 15 ಪಿಎಸ್‌ಐ ತೋರಿಸುವ ಸಣ್ಣ ಗೇಜ್ ಸಾಕು. ಹಳೇ ಗ್ಯಾರೇಜುಗಳಲ್ಲಿ ಟ್ಯೂನಿಂಗಿಗೆ ಇಡುವ ವ್ಯಾಕ್ಯೂಮ್ ಗೇಜ್ ಇದ್ದರೆ ಕೇಳಿ ನೋಡಿ. ಎಷ್ಟೋ ಗೇಜುಗಳಲ್ಲಿ ಇನ್ನೊಂದು ಬದಿಗೆ ಪೆಟ್ರೋಲ್ ಪಂಪಿನ ಪ್ರೆಶರ್ 0ರಿಂದ 10ರವರೆಗೆ ಬರೆದಿರುತ್ತದೆ. 140ರವರೆಗಿನ ಗೇಜಿನಲ್ಲಿ 3 ಪಿಎಸ್‌ಐ ಅಂದರೆ ಮುಳ್ಳು ಅಲುಗಿತೋ ಇಲ್ಲವೋ ಅಂತಲೂ ಗೊತ್ತಾಗುವುದಿಲ್ಲ. ನೀವು ನೋಡಿದ ಆ ಕೆಂಪು ಬಣ್ಣದ್ದು ಕಾರ್ಬೊರೇಟರ್ ಇಲ್ಲದ ಇಂಜೆಕ್ಷನ್ ಗಾಡಿಗೆ ಮಾಡಿದ್ದು. ಅದರ ಸ್ಪ್ರಿಂಗ್ ಎಷ್ಟು ಸಡಿಲ ಮಾಡಿದರೂ 3ಕ್ಕೆ ಇಳಿಯುವುದಿಲ್ಲ. ಅದನ್ನು ಇಲ್ಲಿಗೇ ಬಿಟ್ಟುಬಿಡಿ.

ಕಾರ್ಬೊರೇಟರಿಗೆ ಹೋಗುವ ಹೋಸನ್ನು ಕತ್ತರಿಸಿ ಒಂದು ಟೀ ಹಾಕಿ, ಅದರ ಮೂರನೇ ಬಾಯಿಗೆ ಗೇಜ್ ಸಿಕ್ಕಿಸಿ. ಗೇಜ್ ಕಾರ್ಬೊರೇಟರಿನ ಮಟ್ಟದಲ್ಲೇ ಇರಲಿ. ಪೆಟ್ರೋಲ್ ಒಂದು ಮೀಟರ್ ಮೇಲೆ ಏರಿದರೆ ಸುಮಾರು 1 ಪಿಎಸ್‌ಐ ಕಡಿಮೆ ಆಗುತ್ತದೆ. ಪಂಪ್ ಹಿಂದೆ ಕೆಳಗೆ ಇರುವಾಗ ಅಲ್ಲೇ ಅಳೆದರೆ ಲೆಕ್ಕ ತಪ್ಪುತ್ತದೆ. ಮೊದಲು ಎಂಜಿನ್ ಐಡ್ಲಿಂಗಿನಲ್ಲಿ ಎಷ್ಟು ನೋಡಿ. ಆಮೇಲೆ ಎಂಜಿನ್ ಆಫ್ ಮಾಡಿ, ಕೀ ಮಾತ್ರ ಆನ್ ಇಟ್ಟು ಪಂಪ್ ಓಡಿಸಿ ನೋಡಿ. ಪಂಪಿನ ಅತಿ ಹೆಚ್ಚಿನ ಒತ್ತಡ ಅದೇ. ಪಾಯಿಂಟ್ (ಕಾಯಿಲಿನ ಕರೆಂಟ್ ಕಡಿಯುವ ಹಳೇ ಕಾಲದ ಸ್ವಿಚ್) ಇರುವ ಗಾಡಿಯಲ್ವಾ, ಕೀ ಜಾಸ್ತಿ ಹೊತ್ತು ಆನ್ ಇಟ್ಟರೆ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಬಿಸಿಯಾಗುತ್ತದೆ. ಕಾಯಿಲಿನ ವೈರ್ ಬಿಚ್ಚಿಟ್ಟು ಮಾಡಿ.

ಬಯಲಲ್ಲಿ ಮಾಡಿ, ಶೆಡ್ ಒಳಗೆ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಂಡು ನಿಲ್ಲುತ್ತದೆ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಪೆರ್ಲ 1100:

ಮೂರನೇ ದಾರಿಯೂ ಉಂಟು. ಮೆಕ್ಯಾನಿಕಲ್ ಪಂಪನ್ನೇ ವಾಪಸ್ ಹಾಕಿ. ಕಂಪನಿಯವರು ರೆಗ್ಯುಲೇಟರ್ ಯಾಕೆ ಕೊಟ್ಟಿರಲಿಲ್ಲ ಅಂತ ಯೋಚಿಸಿ. ಆ ಪಂಪಿನ ಡಯಾಫ್ರಾಮ್ ಕೆಳಗಿನ ಸ್ಪ್ರಿಂಗೇ ರೆಗ್ಯುಲೇಟರ್. ಎಂಜಿನ್ ತಿರುಗಿಸುವ ಕ್ಯಾಮ್ ಡಯಾಫ್ರಾಮನ್ನು ಕೆಳಗೆ ಎಳೆದು ಪೆಟ್ರೋಲ್ ತುಂಬಿಸುತ್ತದೆ, ಮೇಲಕ್ಕೆ ತಳ್ಳುವುದು ಸ್ಪ್ರಿಂಗ್ ಮಾತ್ರ. ಕಾರ್ಬೊರೇಟರ್ ತುಂಬಿ ಅದರ ನೀಡಲ್ (ಪೆಟ್ರೋಲ್ ಒಳಬರುವ ತೂತಿನ ಸಣ್ಣ ವಾಲ್ವ್) ಮುಚ್ಚಿದರೆ ಸ್ಪ್ರಿಂಗ್ ಅಲ್ಲೇ ನಿಲ್ಲುತ್ತದೆ, ಕ್ಯಾಮ್ ಸುಮ್ನೆ ತಿರುಗುತ್ತಾ ಇರುತ್ತದೆ. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ವೈರಿಂಗ್ ಇಲ್ಲ, ರಿಲೇ ಇಲ್ಲ. ಇದಕ್ಕಿಂತ ಒಳ್ಳೆ ಏರ್ಪಾಡು ಇಲ್ಲ.

ನಾನು ಎಥನಾಲ್ ತಡೆಯುವ ಡಯಾಫ್ರಾಮ್ ಕಿಟ್ ತರಿಸಿ ಹಾಕಿದ್ದೇನೆ. ಒಂದು ಮಾತು ಮಾತ್ರ ನೆನಪಿಡಿ. ಪಂಪ್ ಮತ್ತು ಬ್ಲಾಕಿನ ನಡುವಿನ ದಪ್ಪ ಬೇಕಲೈಟ್ ತುಂಡು, ಪ್ಯಾಕಿಂಗುಗಳು ಮೊದಲು ಇದ್ದಷ್ಟೇ ದಪ್ಪಕ್ಕೆ ಇರಬೇಕು. ಎಂಜಿನಿನ ಬಿಸಿ ಪಂಪಿಗೆ ತಾಗದಂತೆ ತಡೆಯುವುದು ಆ ತುಂಡೇ. ತೆಳ್ಳಗಿನದು ಹಾಕಿದರೆ ತಳ್ಳುಕಡ್ಡಿಯ ಹೊಡೆತ ಜಾಸ್ತಿಯಾಗಿ ಡಯಾಫ್ರಾಮ್ ಬೇಗ ಹರಿಯುತ್ತದೆ, ಪ್ರೆಶರೂ ಏರುತ್ತದೆ. ನಿಮ್ಮ ಡಯಾಫ್ರಾಮ್ ಹರಿಯಲು ಅದೂ ಒಂದು ಕಾರಣ ಇರಬಹುದು, ಬಿಚ್ಚಿಟ್ಟ ಹಳೇ ಪಂಪ್ ಇದ್ದರೆ ನೋಡಿ.

ಬದಿಯಡ್ಕ ಪದ್ಮಿನಿ:

ಎಲ್ಲರಿಗೂ ತುಂಬ ಉಪಕಾರ ಆಯಿತು. ಪೆರ್ಲದವರೇ, ಹಳೇ ಪಂಪನ್ನು ಗ್ಯಾರೇಜಿನಲ್ಲೇ ಗುಜರಿಗೆ ಹಾಕಿಬಿಟ್ಟಿದ್ದಾರೆ. ಬೇಕಲೈಟ್ ತುಂಡೂ ಹೋಯಿತು. ಆ ಜಾಗಕ್ಕೆ ಈಗ ಪ್ಲೇಟ್ ಹಾಕಿ ಮುಚ್ಚಿದ್ದಾರೆ. ಇನ್ನೊಂದು ಒಳ್ಳೆ ಪಂಪ್ ಸಿಗುವವರೆಗೆ ಎಲೆಕ್ಟ್ರಿಕ್ ಪಂಪಿನಲ್ಲೇ ಸಾಗಬೇಕು.

ಉಪ್ಪಳದವರು ಹೇಳಿದ ಹಾಗೆ ಟೀ ಹಾಕಿ ಗೇಜ್ ಸಿಕ್ಕಿಸಿದೆ. ಐಡ್ಲಿಂಗಿನಲ್ಲಿ ಮುಳ್ಳು 6 ದಾಟಿ ನಡುಗುತ್ತಾ ಇತ್ತು. ಎಂಜಿನ್ ಆಫ್ ಮಾಡಿ ಪಂಪ್ ಮಾತ್ರ ಓಡಿಸಿದಾಗ 7ಕ್ಕೆ ಹೋಗಿ ನಿಂತಿತು. ಗೇಜ್ ನೋಡುತ್ತಿದ್ದ ಹಾಗೆ ಕಾರ್ಬೊರೇಟರಿನ ಬಾಯಿಯೊಳಗೆ ಮೇನ್ ನಳಿಗೆಯಿಂದ ಪೆಟ್ರೋಲ್ ಹನಿಹನಿಯಾಗಿ ಬೀಳಲು ಶುರುವಾಯಿತು. ಟಾರ್ಚ್ ಹಿಡಿದು ಕಣ್ಣಾರೆ ನೋಡಿದೆ. ಎಂಜಿನ್ ಆಫ್ ಇರುವಾಗ ಹೀಗೆ ಬಿದ್ದದ್ದೆಲ್ಲ ಸಿಲಿಂಡರಿಗೇ ಹೋಗುತ್ತದೆ ಅಲ್ವಾ? ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತಿದೆ.

ಉಪ್ಪಳದ ಫಿಟ್ಟರ್:

ಮೊದಲ ಕೆಲಸ, ಆಯಿಲ್ ಬದಲಿಸದೆ ಆ ಗಾಡಿ ಓಡಿಸಬೇಡಿ. ಪೆಟ್ರೋಲ್ ಸೇರಿದ ಆಯಿಲ್ ನೀರಾಗಿ ಬೇರಿಂಗ್ ಉಜ್ಜಿಹೋಗುತ್ತದೆ. ತೊಂದರೆ ಸರಿಮಾಡಿ ಕೂಡಲೇ ಹೊಸ ಆಯಿಲ್ ಹಾಕಿ.

7 ಪಿಎಸ್‌ಐ ಅಂದರೆ ಏನಾಗುತ್ತದೆ ಅಂತ ಒಂದು ಲೆಕ್ಕ ಹೇಳುತ್ತೇನೆ. ಕಾರ್ಬೊರೇಟರಿನ ನೀಡಲ್ ಸೀಟಿನ ತೂತು 1.75 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 2.4 ಚದರ ಮಿಲಿಮೀಟರ್. 3 ಪಿಎಸ್‌ಐ ಇರುವಾಗ ಪೆಟ್ರೋಲ್ ಆ ನೀಡಲನ್ನು ತೆರೆಯಲು ಒತ್ತುವ ಬಲ 5 ಗ್ರಾಂ ತೂಕದಷ್ಟು. 7 ಪಿಎಸ್‌ಐ ಆದರೆ ಅದೇ 12 ಗ್ರಾಂ. ಇದಕ್ಕೆ ಎದುರಾಗಿ ನೀಡಲನ್ನು ಮುಚ್ಚಿ ಹಿಡಿಯಬೇಕಾದದ್ದು ಕಾರ್ಬೊರೇಟರಿನ ಬಟ್ಟಲಿನಲ್ಲಿರುವ ಆ ಪುಟ್ಟ ಫ್ಲೋಟ್ ತೇಲುವ ಬಲ ಮಾತ್ರ. ಒತ್ತಡ ಏರಿದಷ್ಟೂ ಫ್ಲೋಟ್ ಹೆಚ್ಚು ಮುಳುಗಬೇಕು, ಅಂದರೆ ಪೆಟ್ರೋಲ್ ಮಟ್ಟ ಮೇಲೇರುತ್ತದೆ. ಒಂದು ಹಂತ ದಾಟಿದರೆ ನಳಿಗೆಯಿಂದ ಹನಿ ಬೀಳಲು ಶುರು. ನೀವು ಟಾರ್ಚಿನಲ್ಲಿ ನೋಡಿದ್ದು ಅದನ್ನೇ.

ಕೆಲವರು ಸೋಲೆಕ್ಸಿನ ನೀಡಲ್ ಸೀಟಿನ ಕೆಳಗೆ ದಪ್ಪ ವಾಷರ್ ಹಾಕಿ ಮಟ್ಟ ಇಳಿಸುತ್ತಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಅದರಿಂದ ಒತ್ತಡ ಒಂದಿಷ್ಟೂ ಕಡಿಮೆ ಆಗುವುದಿಲ್ಲ. ಮುಂದೆ ಒತ್ತಡ ಸರಿಯಾದ ದಿನ ಎಂಜಿನಿಗೆ ಪೆಟ್ರೋಲ್ ಸಾಲದೆ ಏರಿನಲ್ಲಿ ಬಿಕ್ಕುತ್ತದೆ.

ಈಗ ನಿಮ್ಮ ಪೇಟೆಯ ಕಥೆಗೆ ಬರುತ್ತೇನೆ. ಬಿಸಿ ಎಂಜಿನ್ ನಿಲ್ಲಿಸಿದ ಕೂಡಲೇ ಬಾನೆಟ್ ಒಳಗೆ ಬಿಸಿ ಇನ್ನೂ ಏರುತ್ತದೆ, ಫ್ಯಾನಿನ ಗಾಳಿ ನಿಂತಿರುತ್ತದಲ್ಲ. ಪಂಪಿನ ವಾಲ್ವ್ ಹಿಂದೆ ಮುಚ್ಚಿದೆ, ನೀಡಲ್ ಮುಂದೆ ಮುಚ್ಚಿದೆ. ನಡುವಿನ ಪೈಪಿನಲ್ಲಿ ಸಿಕ್ಕಿಬಿದ್ದ ಪೆಟ್ರೋಲ್ ಬಿಸಿಯಾಗಿ ಹಿಗ್ಗುತ್ತದೆ. ಹೋಗಲು ಬೇರೆ ದಾರಿ ಇಲ್ಲ. ನೀಡಲನ್ನು ದೂಡಿಕೊಂಡು ಕಾರ್ಬೊರೇಟರಿಗೆ ನುಗ್ಗುತ್ತದೆ. ನೀವು ಅಂಗಡಿ ಸುತ್ತಿ ಬರುವಾಗ ಕಾರ್ಬೊರೇಟರಿನಿಂದ ಸಿಲಿಂಡರಿಗೆ ಹೋಗುವ ಮ್ಯಾನಿಫೋಲ್ಡ್ ಪೂರ್ತಿ ಪೆಟ್ರೋಲ್. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಬೇರೆ ಉಂಟು. ಎಥನಾಲ್ 78 ಡಿಗ್ರಿಗೇ ಕುದಿಯುವಂಥದ್ದು. ಬಿಸಿ ಬಾನೆಟ್ ಒಳಗೆ ಅದು ಸುಮ್ನೆ ಕೂರುವುದಿಲ್ಲ.

ಇಲ್ಲಿಯೇ ಜೀಪಿನವರ ಮಾತಿನ ಇನ್ನರ್ಧ ಬರುವುದು. ಕಡಿಮೆ ಪ್ರೆಶರಿನ ಪಂಪ್ ಹಾಕಿದರೆ ಓಡುವಾಗಿನ ಓವರ್‌ಫ್ಲೋ ನಿಲ್ಲುತ್ತದೆ, ಖಂಡಿತ. ನಿಲ್ಲಿಸಿದ ಮೇಲೆ ಹಿಗ್ಗುವ ಪೆಟ್ರೋಲಿಗೆ ಮಾತ್ರ ಆಗಲೂ ದಾರಿ ಇರುವುದಿಲ್ಲ. ದಾರಿ ಕೊಡುವುದು ರಿಟರ್ನ್ ಇರುವ ರೆಗ್ಯುಲೇಟರ್.

ರೆಗ್ಯುಲೇಟರಿನಲ್ಲಿ ಎರಡು ಜಾತಿ. ಒಂದರಲ್ಲಿ ಒಳಗೆ ಬರುವ ಬಾಯಿ, ಹೊರಗೆ ಹೋಗುವ ಬಾಯಿ ಮಾತ್ರ. ಬೇಕಾದ ಪ್ರೆಶರ್ ಬಂದ ಕೂಡಲೇ ಒಳಗಿನ ವಾಲ್ವ್ ಮುಚ್ಚಿ ಪಂಪನ್ನು ತಡೆದು ನಿಲ್ಲಿಸುತ್ತದೆ. ಇನ್ನೊಂದರಲ್ಲಿ ಮೂರನೇ ಬಾಯಿ ಉಂಟು. ಹೆಚ್ಚಾದ ಪೆಟ್ರೋಲ್ ಅಲ್ಲಿಂದ ಟ್ಯಾಂಕಿಗೆ ವಾಪಸ್. ನಿಮ್ಮಲ್ಲಿ ಅಡಿಕೆ ತೋಟ ಇದ್ದರೆ ಬೋರ್ಡೊ ಹೊಡೆಯುವ ಪಂಪ್ ನೋಡಿರುತ್ತೀರಿ. ಗನ್ ಮುಚ್ಚಿದ ಕೂಡಲೇ ದ್ರಾವಣ ರಿಟರ್ನ್ ಪೈಪಿನಲ್ಲಿ ಡ್ರಮ್ಮಿಗೆ ಬೀಳುತ್ತದಲ್ಲ, ಇದೂ ಹಾಗೆಯೇ. ಪೆಟ್ರೋಲ್ ಯಾವಾಗಲೂ ಸುತ್ತುತ್ತಾ ಇರುವುದರಿಂದ ಪೈಪ್ ತಣ್ಣಗಿರುತ್ತದೆ, ಆವಿ ಗುಳ್ಳೆ ಬಂದರೂ ಟ್ಯಾಂಕಿಗೆ ಹೋಗಿಬಿಡುತ್ತದೆ. ನಿಲ್ಲಿಸಿದಾಗ ಪೈಪಿನಲ್ಲಿ ಒತ್ತಡ ಸೆಟ್ಟಿಂಗಿಗಿಂತ ಮೇಲೇರಿದರೆ ಅದೂ ಹಿಂದಕ್ಕೆ ಹೋಗುತ್ತದೆ.

ನಮ್ಮ ಊರಿನ ಸೆಖೆಗೆ, ಈಗಿನ ಪೆಟ್ರೋಲಿಗೆ, ಎಲೆಕ್ಟ್ರಿಕ್ ಪಂಪ್ ಇರುವ ಗಾಡಿಗೆ ನಾನು ಹೇಳುವುದು ಒಂದೇ: ರಿಟರ್ನ್ ಇರುವ ರೆಗ್ಯುಲೇಟರ್, ಅದರ ಹಿಂದೆ ಕಡಿಮೆ ಪ್ರೆಶರಿನ ಪಂಪ್. ಎರಡೂ ಬೇಕು.

ಮುಳ್ಳೇರಿಯ ಜೀಪ್:

ಅದು ಸರಿ. ನನ್ನ ಜೀಪಿನ ಬಾನೆಟ್ ಒಳಗೆ ಜಾಗ ಧಾರಾಳ, ಗಾಳಿ ಆಡುತ್ತದೆ. ಪದ್ಮಿನಿಯದ್ದು ಇಕ್ಕಟ್ಟು. ಹಾಗಾಗಿ ನನಗೆ ಈ ತೊಂದರೆ ಕಾಣಲಿಲ್ಲ ಅಂತ ಕಾಣುತ್ತದೆ. ಆದರೆ ರಿಟರ್ನ್ ಪೈಪ್ ಟ್ಯಾಂಕಿಗೆ ಸೇರಿಸುವುದು ಹೇಗೆ? ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವುದು ಅಪಾಯ ಅಲ್ವಾ?

ಉಪ್ಪಳದ ಫಿಟ್ಟರ್:

ಟ್ಯಾಂಕಿಗೆ ವೆಲ್ಡಿಂಗ್ ಬೇಡವೇ ಬೇಡ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಪೂರ್ತಿ ಆವಿ ಇರುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ಅಳೆಯುವ ಸೆಂಡರ್ ಯುನಿಟ್ ಸ್ಕ್ರೂ ಬಿಚ್ಚಿ ಹೊರಗೆ ತೆಗೆಯಿರಿ. ಅದರ ಮೇಲಿನ ತಗಡಿನ ತಟ್ಟೆಗೆ, ಗಾಡಿಯಿಂದ ದೂರ ಕೂತು, ಒಂದು ಹಿತ್ತಾಳೆ ನಿಪ್ಪಲ್ ಬೆಸೆಸಿ ವಾಪಸ್ ಹಾಕಿ. ರಿಟರ್ನ್ ಪೈಪ್ ಸಪ್ಲೈ ಪೈಪಿನಷ್ಟೇ ಅಗಲ ಇರಲಿ. ರಿಟರ್ನ್ ಇಕ್ಕಟ್ಟಾದರೆ ಅಲ್ಲೇ ಒತ್ತಡ ನಿಂತು, ರೆಗ್ಯುಲೇಟರನ್ನು ಎಷ್ಟು ಸಡಿಲಿಸಿದರೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ರೆಗ್ಯುಲೇಟರ್ ಕೆಟ್ಟದು ಅಂತ ಜನ ವಾಪಸ್ ಕಳಿಸುತ್ತಾರೆ, ತಪ್ಪು ಪೈಪಿನದ್ದಾಗಿರುತ್ತದೆ.

ಕಾಸರಗೋಡು ಕಾಂಟೆಸ್ಸಾ:

ಒಳ್ಳೆ ಚರ್ಚೆ. ನನ್ನದು ಕಾಂಟೆಸ್ಸಾ, 1817 ಸಿಸಿ ಇಸುಜು ಎಂಜಿನ್. ಜೋಡಿ ವೆಬರ್ ಡಿಸಿಒಇ ಕಾರ್ಬೊರೇಟರ್ ಕೂರಿಸುವ ಯೋಚನೆ ಉಂಟು. ಹಾಲಿಯವರ ಸಣ್ಣ ರೆಗ್ಯುಲೇಟರ್ ಎರಡು ಬಗೆಯಲ್ಲಿ ಸಿಗುತ್ತದೆ, ಒಂದು 1ರಿಂದ 4, ಇನ್ನೊಂದು 4.5ರಿಂದ 9. ಮುಂದೆ ಬೇಕಾದೀತು ಅಂತ ದೊಡ್ಡದನ್ನೇ ತೆಗೆದುಕೊಂಡರೆ ಹೇಗೆ? ಎರಡು ಕಾರ್ಬೊರೇಟರಿಗೆ ಪೆಟ್ರೋಲ್ ಸಾಕಾಗುತ್ತದೋ ಇಲ್ಲವೋ ಅಂತ ಹೆದರಿಕೆ.

ಉಪ್ಪಳದ ಫಿಟ್ಟರ್:

ದೊಡ್ಡದು ಬೇಡ. 4.5ರಿಂದ 9ರದ್ದು ವೆಬರಿಗೆ ಬೇಕಾದ 3ಕ್ಕೆ ಇಳಿಯುವುದೇ ಇಲ್ಲ. ನಿಮಗೆ ಬೇಕಾದ ಸಂಖ್ಯೆ ರೆಗ್ಯುಲೇಟರಿನ ವ್ಯಾಪ್ತಿಯ ಒಳಗೆ ಆರಾಮವಾಗಿ ಬೀಳಬೇಕು, ತುದಿಯಲ್ಲಿ ಇರಬಾರದು. ತುದಿಗೆ ಹೋದರೆ ಸ್ಪ್ರಿಂಗ್ ಒಂದೋ ಪೂರ್ತಿ ಸಡಿಲ, ಇಲ್ಲ ಪೂರ್ತಿ ಬಿಗಿ. ಎರಡರಲ್ಲೂ ಪ್ರೆಶರ್ ನಿಲ್ಲುವುದಿಲ್ಲ.

ಪೆಟ್ರೋಲ್ ಸಾಲದು ಅಂತ ಹೆದರಬೇಡಿ. ಪದ್ಮಿನಿಯ ಎಂಜಿನ್ ಸುಮಾರು 40 ಕುದುರೆ ಶಕ್ತಿಯದ್ದು. ಆಕ್ಸಿಲರೇಟರ್ ಪೂರ್ತಿ ಒತ್ತಿ ಒಂದು ಗಂಟೆ ಓಡಿಸಿದರೂ ಹೆಚ್ಚುಕಡಿಮೆ 12 ಲೀಟರ್ ಕುಡಿಯಬಹುದು. ನಿಮ್ಮದು ಇದರ ಎರಡು ಪಟ್ಟು ಅಂತ ಇಟ್ಟುಕೊಳ್ಳಿ. ಸಣ್ಣ ಎಲೆಕ್ಟ್ರಿಕ್ ಪಂಪುಗಳೇ ಗಂಟೆಗೆ ನೂರು ಲೀಟರಿನ ಹತ್ತಿರ ಕೊಡುತ್ತವೆ. ಪರೀಕ್ಷೆ ಮಾಡಬೇಕಾದರೆ ಕಾರ್ಬೊರೇಟರಿನ ಹೋಸ್ ಬಿಚ್ಚಿ ಬಾಟಲಿಗೆ ಬಿಡಿ. ನಿಮಿಷಕ್ಕೆ ಅರ್ಧ ಲೀಟರ್ ಬಂದರೆ ಧಾರಾಳ. ಪ್ರೆಶರ್ ಬೇರೆ, ಹರಿವು ಬೇರೆ. ಹೆಚ್ಚು ಪ್ರೆಶರ್ ಇದ್ದರೆ ಗಾಡಿ ಹೆಚ್ಚು ಎಳೆಯುತ್ತದೆ ಅಂತ ನಂಬಿದವರು ತುಂಬ ಜನ ಇದ್ದಾರೆ. ಎಂಜಿನ್ ಪೆಟ್ರೋಲ್ ಎಳೆದುಕೊಳ್ಳುವುದು ಫ್ಲೋಟ್ ಬಟ್ಟಲಿನಿಂದ. ಬಟ್ಟಲು ಸರಿಯಾದ ಮಟ್ಟದಲ್ಲಿ ತುಂಬಿದ್ದರೆ ಹಿಂದಿನ ಪ್ರೆಶರ್ 2.5 ಇದ್ದರೂ ಒಂದೇ, 3 ಇದ್ದರೂ ಒಂದೇ.

ಸೀತಾಂಗೋಳಿ:

ಡಯಲ್ ಮಾದರಿಯ ಬಗ್ಗೆ ಯಾರೂ ಹೇಳಲಿಲ್ಲ. ಕಡಿಮೆ ಬೆಲೆಗೆ ಸಿಗುತ್ತದೆ. ಪದ್ಮಿನಿಗೆ ಅಷ್ಟು ಸಾಕಲ್ವಾ?

ಪೆರ್ಲ 1100:

ನನ್ನ ಗೆಳೆಯರ ಅಂಬಾಸಡರಿನಲ್ಲಿ ಅದು ಇತ್ತು. ಗೇಜ್ ಹಾಕಿ ನೋಡಿದಾಗ ಡಯಲಿನಲ್ಲಿ 2 ಅಂತ ಇಟ್ಟರೆ ಒಳಗೆ ನಾಲ್ಕರ ಹತ್ತಿರ ತೋರಿಸುತ್ತಿತ್ತು. ಎಂಜಿನ್ ಆಫ್ ಮಾಡಿ ಪಂಪ್ ಓಡಿಸಿದರೆ ಮುಳ್ಳು ಮೆಲ್ಲಮೆಲ್ಲನೆ ಏರುತ್ತಾ ಪಂಪಿನ ಪೂರ್ತಿ ಪ್ರೆಶರಿಗೆ ಹೋಗುತ್ತಿತ್ತು. ಒಳಗಿನ ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಹಾಗಾಗುತ್ತದೆ. ಓಡುವಾಗ ಗೊತ್ತಾಗುವುದಿಲ್ಲ, ಸಿಗ್ನಲಿನಲ್ಲಿ ನಿಂತಾಗ ಗೊತ್ತಾಗುತ್ತದೆ. ಆಮೇಲೆ ಬಿಚ್ಚಿ ನೋಡಿದರೆ ಒಳಗಿನ ಎರಕದ ಲೋಹದ ಮೇಲೆ ಬಿಳಿ ಪುಡಿ, ಡಯಾಫ್ರಾಮ್ ಊದಿಕೊಂಡು ಮೆತ್ತಗಾಗಿತ್ತು.

ಬಿಳಿ ಪುಡಿಗೆ ಕಾರಣ ನೀರು. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯೇ ಒದ್ದೆ. ಹಳೇ ಗಾಡಿಗಳು ಮಳೆಗಾಲದಲ್ಲಿ ಶೆಡ್ಡಿನಲ್ಲೇ ಇರುತ್ತವೆ. ನೀರು ಜಾಸ್ತಿಯಾದರೆ ಎಥನಾಲ್ ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಅಡಿಗೆ ಕೂರುತ್ತದೆ. ಪಂಪ್ ಮೊದಲು ಎಳೆಯುವುದು ಅದನ್ನೇ.

ಉಪ್ಪಳದ ಫಿಟ್ಟರ್:

ಅದಕ್ಕೇ ಡಯಾಫ್ರಾಮ್ ಯಾವುದರದ್ದು ಅಂತ ಕೇಳಿಯೇ ತೆಗೆದುಕೊಳ್ಳಿ. ಹಳೇ ನೈಟ್ರೈಲ್ ರಬ್ಬರ್ ಎಥನಾಲಿಗೆ ಊದಿಕೊಳ್ಳುತ್ತದೆ. ವಿಟಾನ್ ಅಥವಾ ಎಫ್‌ಕೆಎಂ ಅಂತ ಬರೆದಿದ್ದರೆ ಒಳ್ಳೆಯದು. ಹೋಸಿಗೂ ಇದೇ ಮಾತು, ಎಸ್‌ಎಇ ಜೆ30 ಆರ್9 ಅಂತ ಅಚ್ಚು ಇರುವುದನ್ನು ತನ್ನಿ. ರೆಗ್ಯುಲೇಟರಿಗೆ ರಿಪೇರಿ ಕಿಟ್ ಬೇರೆಯಾಗಿ ಸಿಗುತ್ತದೋ ವಿಚಾರಿಸಿ. ಕಿಟ್ ಸಿಗದ ರೆಗ್ಯುಲೇಟರ್ ಎಷ್ಟು ಚೆನ್ನಾಗಿ ಹೊಳೆದರೂ ಒಂದು ದಿನ ಪೂರ್ತಿ ಎಸೆಯಬೇಕು.

ಬದಿಯಡ್ಕದವರು ಕೇಳಿದ ಬಟ್ಟಲಿನ ಮಾದರಿ, ಮಲ್‌ಪಾಸಿಯವರ ಫಿಲ್ಟರ್ ಕಿಂಗ್. ಫಿಲ್ಟರ್, ರೆಗ್ಯುಲೇಟರ್ ಎರಡೂ ಒಂದರಲ್ಲೇ ಇರುವುದು. ಕಾರ್ಬೊರೇಟರ್ ಗಾಡಿಗೆ ಅಂತಲೇ ಮಾಡಿದ್ದು, ಕಡಿಮೆ ಪ್ರೆಶರಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ರಿಟರ್ನ್ ಇರುವುದೂ ಸಿಗುತ್ತದೆ, ಇಲ್ಲದ್ದೂ ಸಿಗುತ್ತದೆ. ನಿಮಗೆ ನಾನು ಹೇಳುವುದು ರಿಟರ್ನ್ ಇರುವುದನ್ನು. ನೋಡಲು ಹಾಗೆಯೇ ಇರುವ ನಕಲುಗಳೂ ಉಂಟು, ನೋಡಿ ತೆಗೆದುಕೊಳ್ಳಿ.

ಕೂರಿಸುವಾಗ ಎಂಜಿನಿನ ಮೇಲೆ ಕೂರಿಸಬೇಡಿ. ಬಾನೆಟ್ ಒಳಗೆ ಸೈಡ್ ತಗಡಿಗೆ, ಸೈಲೆನ್ಸರ್ ಮ್ಯಾನಿಫೋಲ್ಡಿನ ಎದುರು ಬದಿಗೆ, ಕಾರ್ಬೊರೇಟರಿಗೆ ಆದಷ್ಟು ಹತ್ತಿರ ಕೂರಿಸಿ. ಟ್ಯಾಂಕಿಗೂ ಪಂಪಿಗೂ ನಡುವೆ ಇನ್ನೊಂದು ಫಿಲ್ಟರ್ ಇರಲೇಬೇಕು. ಎಥನಾಲ್ ಹಳೇ ಟ್ಯಾಂಕಿನ ಅಂಟು, ಕೊಳೆ ಎಲ್ಲ ಕರಗಿಸಿ ತರುತ್ತದೆ. ಮೊದಲೆರಡು ತಿಂಗಳು ಆ ಫಿಲ್ಟರನ್ನು ಆಗಾಗ ನೋಡುತ್ತಿರಿ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಗೇಜ್ ನೋಡಿಕೊಂಡು 2.5ಕ್ಕೆ ಸೆಟ್ ಮಾಡಿ, ಲಾಕ್ ನಟ್ ಬಿಗಿಮಾಡಿ. ಆಮೇಲೆ ಗೇಜ್ ತೆಗೆದು ಟೀ ಬಾಯಿಗೆ ಹಿತ್ತಾಳೆಯ ಮುಚ್ಚಳ ಹಾಕಿ. ಗೇಜನ್ನು ಶಾಶ್ವತವಾಗಿ ಬಾನೆಟ್ ಒಳಗೆ ಬಿಡುವುದು ನನಗೆ ಇಷ್ಟ ಇಲ್ಲ. ಅದು ಸೀಳಿದರೆ ಪೆಟ್ರೋಲ್ ಚಿಮ್ಮುವುದು ಬಿಸಿ ಮ್ಯಾನಿಫೋಲ್ಡಿನ ಮೇಲೆ.

ಮಂಜೇಶ್ವರ ವೈರಿಂಗ್:

ರೆಗ್ಯುಲೇಟರ್ ಬಗ್ಗೆ ಎಲ್ಲರೂ ಹೇಳಿದರು, ನಾನು ಪಂಪಿನ ಕರೆಂಟಿನ ಬಗ್ಗೆ ಹೇಳಲೇಬೇಕು. ಬದಿಯಡ್ಕದವರ ಪಂಪ್ ಕೀ ಆನ್ ಇದ್ದಷ್ಟೂ ಹೊತ್ತು ಓಡುತ್ತದೆ ಅಂತ ಬರೆದಿದ್ದಾರೆ. ಇದು ತುಂಬ ಅಪಾಯ. ಗಾಡಿ ಎಲ್ಲಾದರೂ ಗುದ್ದಿ ಎಂಜಿನ್ ನಿಂತರೂ ಪಂಪ್ ನಿಲ್ಲುವುದಿಲ್ಲ. ಪೈಪ್ ಹರಿದಿದ್ದರೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಹೆದ್ದಾರಿ 66 ಆರು ಲೇನ್ ಆದ ಮೇಲೆ ಗಾಡಿಗಳ ಸ್ಪೀಡ್ ಹೇಗಿದೆ ಅಂತ ನಿಮಗೇ ಗೊತ್ತು.

ಪಂಪಿನ ಕರೆಂಟನ್ನು ರಿಲೇ ಮೂಲಕ ಕೊಡಿ, ಫ್ಯೂಸ್ ಹಾಕಿ. ಆ ರಿಲೇಯನ್ನು ಆಯಿಲ್ ಪ್ರೆಶರ್ ಸ್ವಿಚ್ಚಿಗೆ ಜೋಡಿಸಿ. ಆಯಿಲ್ ಪ್ರೆಶರ್ ಇಲ್ಲದಿದ್ದರೆ ಪಂಪ್ ಓಡಬಾರದು. ಸ್ಟಾರ್ಟ್ ಮಾಡುವಾಗ ಮಾತ್ರ ಸೆಲ್ಫಿನ ವೈರಿನಿಂದ ಓಡಲಿ. ಡ್ಯಾಶ್‌ಬೋರ್ಡಿನ ಆಯಿಲ್ ದೀಪದ ಸ್ವಿಚ್ ಬೇರೆ ರೀತಿಯದ್ದು, ಒಂದೇ ಬಾಯಿ ಇರುತ್ತದೆ. ಎರಡೂ ಕೆಲಸ ಮಾಡುವ ಮೂರು ಬಾಯಿಯ ಸ್ವಿಚ್ ಬರುತ್ತದೆ, ಅದನ್ನು ಹಾಕಬೇಕು. ಇದರ ಜೊತೆ ಇನರ್ಷಿಯಾ ಸ್ವಿಚ್ ಕೂಡ ಹಾಕಿದರೆ ತುಂಬ ಒಳ್ಳೆಯದು. ಗುದ್ದಿದ ಕೂಡಲೇ ಕರೆಂಟ್ ಕಡಿಯುತ್ತದೆ. ಹಳೇ ಇಂಜೆಕ್ಷನ್ ಗಾಡಿಗಳ ಗುಜರಿಯಲ್ಲಿ ಸಿಗುತ್ತದೆ.

ಬದಿಯಡ್ಕ ಪದ್ಮಿನಿ:

ಮಾಹಿತಿ ಬೇಕಾದಷ್ಟಾಯಿತು. ಈಗ ಕೆಲಸ ಮುಗಿದಿದೆ, ಬರೆಯುತ್ತೇನೆ. ಪಂಪ್ ಬದಲಿಸಿ 4 ಪಿಎಸ್‌ಐ ದಾಟದ್ದು ಹಾಕಿದೆ. ರಿಟರ್ನ್ ಇರುವ ಬಟ್ಟಲಿನ ರೆಗ್ಯುಲೇಟರ್ ಮಂಗಳೂರಿನ ಪರಿಚಯದವರ ಮೂಲಕ ಬಂತು. ಸೆಂಡರಿನ ತಟ್ಟೆಗೆ ನಿಪ್ಪಲ್ ಬೆಸೆಸಿದೆ. ಮೊದಲು ಸೆಟ್ ಮಾಡುವಾಗ 3.5ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಉಪ್ಪಳದವರು ಹೇಳಿದ್ದು ನೆನಪಾಗಿ ರಿಟರ್ನ್ ಪೈಪಿನ ಉದ್ದಕ್ಕೂ ಕೈಯಾಡಿಸಿ ನೋಡಿದರೆ ಹಿಂದಿನ ಆಕ್ಸಿಲ್ ಹತ್ತಿರ ಕ್ಲಿಪ್ ಬಿಗಿಯಾಗಿ ಹೋಸ್ ಚಪ್ಪಟೆಯಾಗಿತ್ತು. ಕ್ಲಿಪ್ ಸಡಿಲಿಸಿದ ಕೂಡಲೇ ಮುಳ್ಳು 2.5ಕ್ಕೆ ಬಂದು ಅಲ್ಲಾಡದೆ ನಿಂತಿತು. ಪಂಪ್ ಮಾತ್ರ ಓಡಿಸಿ ತುಂಬ ಹೊತ್ತು ನೋಡಿದೆ, ಏರಲಿಲ್ಲ. ನಳಿಗೆಯಿಂದ ಹನಿ ಬೀಳುವುದೂ ನಿಂತಿತು. ಆಯಿಲ್, ಪ್ಲಗ್ ಹೊಸದು. ವೈರಿಂಗ್ ಕೂಡ ಮಂಜೇಶ್ವರದವರು ಹೇಳಿದ ಹಾಗೆಯೇ ಮಾಡಿಸಿದೆ.

ಕುಂಬಳೆ 800:

ನಾನೂ ಒಂದು ಕೇಳಬಹುದಾ? ನನ್ನದು 1997ರ ಮಾರುತಿ 800, ಕಾರ್ಬೊರೇಟರ್ ಗಾಡಿ. ಪಂಪ್ ಕಂಪನಿಯದ್ದೇ, ಮೆಕ್ಯಾನಿಕಲ್. ಟ್ಯಾಂಕಿನ ಅಡಿಗೆ ತುಕ್ಕಿನ ಪೇಂಟ್ ಹೊಡೆಸಿದ ಮೇಲೆ ಓವರ್‌ಫ್ಲೋ ಶುರುವಾಗಿದೆ. ಮೆಕ್ಯಾನಿಕ್ ರೆಗ್ಯುಲೇಟರ್ ಹಾಕೋಣ ಅಂದರು. ನಾನೂ ಆರ್ಡರ್ ಮಾಡುವುದರಲ್ಲಿದ್ದೆ.

ಪೆರ್ಲ 1100:

ತಡೆಯಿರಿ. ನಿಮ್ಮ ಪಂಪಿನಲ್ಲಿ ಮೂರು ನಳಿಗೆ ಉಂಟು. ಒಂದು ಟ್ಯಾಂಕಿನಿಂದ ಬರುವುದು, ಒಂದು ಕಾರ್ಬೊರೇಟರಿಗೆ, ಮೂರನೆಯದು ವಾಪಸ್ ಟ್ಯಾಂಕಿಗೆ. ರಿಟರ್ನನ್ನು ಕಂಪನಿಯವರೇ ಕೊಟ್ಟಿದ್ದಾರೆ. ಪೇಂಟಿಂಗಿಗೆ ಹೋಸ್ ಬಿಚ್ಚಿ ವಾಪಸ್ ಹಾಕುವಾಗ ಅದಲುಬದಲು ಆಗಿದೆಯಾ, ಇಲ್ಲ ಎಲ್ಲಾದರೂ ಮಡಚಿಕೊಂಡಿದೆಯಾ ನೋಡಿ. ಪಂಪಿನ ಹತ್ತಿರ ರಿಟರ್ನ್ ಹೋಸ್ ಕಳಚಿ, ಟ್ಯಾಂಕ್ ಕಡೆಗೆ ಬಾಯಿಂದ ಊದದೆ ಸೈಕಲ್ ಪಂಪಿನಿಂದ ಮೆಲ್ಲ ಗಾಳಿ ಬಿಡಿ. ಟ್ಯಾಂಕಿನ ಮುಚ್ಚಳ ತೆಗೆದಿರಲಿ, ಗುಳುಗುಳು ಅಂತ ಕೇಳಬೇಕು. ಸದ್ದು ಇಲ್ಲದಿದ್ದರೆ ಪೈಪ್ ಕಟ್ಟಿದೆ.

ಕುಂಬಳೆ 800:

ಕಟ್ಟಿತ್ತು. ಟ್ಯಾಂಕಿನ ಮೇಲೆ ರಿಟರ್ನ್ ಹೋಸ್ ಮಡಚಿ ಕೂತಿತ್ತು, ಹಳೇ ರಬ್ಬರ್ ಆದ್ದರಿಂದ ಒಳಗೆ ಬಿರುಕೂ ಬಿಟ್ಟಿತ್ತು. ಹೊಸ ಹೋಸ್ ಹಾಕಿಸಿದೆ. ಓವರ್‌ಫ್ಲೋ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಬೆಳಗ್ಗೆ ನೋಡಿದರೆ ಕಾರ್ಬೊರೇಟರಿನ ಕೆಳಗೆ ಸ್ವಲ್ಪ ಒದ್ದೆ ಇರುತ್ತದೆ.

ಉಪ್ಪಳದ ಫಿಟ್ಟರ್:

ಹಾಗಾದರೆ ನೀಡಲ್ ವಾಲ್ವ್. ಇಷ್ಟು ದಿನ ಜಾಸ್ತಿ ಒತ್ತಡದಲ್ಲಿ ಓಡಿದ್ದರೆ ಅದರ ತುದಿಯಲ್ಲಿ ಉಂಗುರದ ಹಾಗೆ ಗೆರೆ ಬಿದ್ದಿರುತ್ತದೆ. ಉಗುರಿನಿಂದ ಸವರಿದರೆ ತಾಗುತ್ತದೆ. ನೀಡಲ್, ಸೀಟ್ ಜೊತೆಯಾಗಿಯೇ ಬದಲಿಸಿ, ಒಂದನ್ನು ಮಾತ್ರ ಹಾಕಬೇಡಿ. ಫ್ಲೋಟನ್ನು ಬಿಸಿ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಗುಳ್ಳೆ ಬಂದರೆ ಅದು ಸೋರುತ್ತಿದೆ, ಅದನ್ನೂ ಬದಲಿಸಬೇಕು. ಇವೆರಡೂ ಸರಿಯಾದ ಮೇಲೆ ಗೇಜ್ ಹಾಕಿ ನೋಡಿ. ನಿಮ್ಮ ಗಾಡಿಗೆ ರೆಗ್ಯುಲೇಟರಿನ ಖರ್ಚು ಬೇಕಾಗಿಲ್ಲ.